ಕಾಲ್ಚೆಂಡಿನ ಕಲಾವಿದ ಅಹ್ಮದ್ ಖಾನ್

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಮಹಾಪುರುಷರ ಚರಿತ್ರೆಯೆಂದರೆ ಅರಸರ, ಕವಿಗಳ, ದೇಶಭಕ್ತರ ಚರಿತ್ರೆಯೆಂದೇ ನಾವು ಶಾಲೆಯ ದಿನಗಳಿಂದ ತಿಳಿದು ಬಂದಿದ್ದೇವೆ. ಚೆಂಡನ್ನು ಒದೆಯುವುದರಲ್ಲಿ ಆಯುಷ್ಯದ ಸೊಗಸಾದ ಕಾಲವನ್ನೆಲ್ಲ ಕಳೆದವನೊಬ್ಬನ ಬಾಳು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯಲು ತಕ್ಕದ್ದೇ ಎಂದು ಯಾರಾದರೂ ಕೇಳಬಹುದು. ತಕ್ಕದ್ದೇ ಎಂಬುದು ನನ್ನ ನಂಬಿಕೆ. ಆ ಬಾಳಿನಲ್ಲಿ ಆಟದ ಸೊಬಗು ಮಾತ್ರವಲ್ಲ, ದುಡಿಯುವವನಿಗೂ ದುಡಿಸಿಕೊಳ್ಳುವವನಿಗೂ ನಡುವೆ ಇರುವ ಕರಾರಿನ ಪ್ರಶ್ನೆಯೂ ಅಡಗಿದೆ.

ನಮ್ಮ ಬೆಂಗಳೂರಿನ ದಂಡುಪ್ರದೇಶಕ್ಕೂ ಕಾಲ್ಚೆಂಡಿಗೂ ಹಳೆಯ ನಂಟು. 1809ರಲ್ಲಿ ಬ್ರಿಟಿಷರು ಪೇಟೆಯ ಪೂರ್ವಕ್ಕೆ ದಂಡನ್ನು ತಂದು ನೆಲೆಗೊಳಿಸಿದರು. ದಂಡಿನ ಜೊತೆಯಲ್ಲಿ ದಂಡಿನ ಆಟಗಳೂ ಬಂದವು. ಸಿಪಾಯಿಗಳು ಆಡುವುದನ್ನು ಬೇಲಿಯಾಚೆ ನಿಂತು ನೋಡಿದ ಬಡ ಹುಡುಗರು ಸಂಜೆ ಬಯಲಿನಲ್ಲಿ ಬರಿಗಾಲಿನಲ್ಲೇ ಅದನ್ನು ಆಡಿ ಕಲಿತರು. ಶಿವಾಜಿನಗರ, ಹಲಸೂರು ಮೊದಲಾದ ಕಡೆಗಳಲ್ಲಿ ಮೂಡಿದ ಆ ಪ್ರೀತಿ ಇಂದಿಗೂ ಆರಿಲ್ಲ. ಹಲಸೂರಿನ ಗೌತಮಪುರಕ್ಕೆ ಹೋದವರು ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನು ಕಾಣಬಹುದು. ದೂರದೇಶದ ವೀರನನ್ನು ಅಷ್ಟು ಆದರದಿಂದ ನೆನೆಯುವ ನಾವು ನಮ್ಮ ಮನೆಯಂಗಳದಲ್ಲಿ ಹುಟ್ಟಿದವರನ್ನು ಮರೆಯಬಾರದಲ್ಲವೆ?

ಅಹ್ಮದ್ ಖಾನರು 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಬಾಬಾ ಖಾನರೂ ಆಟಗಾರರು, ಸೋದರರೂ ಆಟಗಾರರು. ಮನೆಯೇ ಮೊದಲ ಪಾಠಶಾಲೆ ಎಂಬ ಮಾತು ಅವರ ಪಾಲಿಗೆ ಅಕ್ಷರಶಃ ನಿಜವಾಯಿತು. ಆಗ ದಂಡುಪ್ರದೇಶವು ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿರಲಿಲ್ಲ. 1947ರವರೆಗೂ ಬ್ರಿಟಿಷರ ಕೈಯಲ್ಲೇ ಇತ್ತು. ಅದೇ ಬ್ರಿಟಿಷರ ಪಡೆಗಳು ತಮ್ಮದೇ ಎಂದು ತಿಳಿದಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಗೆದ್ದುತಂದಿತು. ಮರುವರ್ಷವೂ ಅದೇ ಗೆಲುವು. ಆಗ ಬಾಲಕ ಅಹ್ಮದನಿಗೆ ಹತ್ತು ಹನ್ನೊಂದರ ವಯಸ್ಸು. ಮುಂದೆ ಬೆಂಗಳೂರು ಕ್ರೆಸೆಂಟ್ಸ್ ತಂಡದಲ್ಲಿಯೂ ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿಯೂ ಆಡಿ ಅವರು ಬೆಳೆದರು. ಚೆಂಡು ಅವರ ಪಾದದ ಮಾತನ್ನು ಕೇಳುತ್ತಿತ್ತು. ಎದುರಾಳಿ ಬಲಕ್ಕೆ ವಾಲಿದರೆ ಅದು ಎಡಕ್ಕೆ, ಎಡಕ್ಕೆ ವಾಲಿದರೆ ಬಲಕ್ಕೆ. ನೋಡಿದವರು ಅವರನ್ನು ಹಾವಾಡಿಗನೆಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ.

1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡಾಕೂಟ ನಡೆಯಿತು. ಸ್ವತಂತ್ರ ಭಾರತದ ಕಾಲ್ಚೆಂಡು ತಂಡಕ್ಕೆ ಅದೇ ಮೊದಲ ಒಲಿಂಪಿಕ್ಸ್. ಜುಲೈ 31ರಂದು ಇಲ್‌ಫರ್ಡ್ ಎಂಬಲ್ಲಿ ಫ್ರಾನ್ಸಿನ ಎದುರು ಆಡಿದ ನಮ್ಮವರಲ್ಲಿ ಬಹುಮಂದಿಯ ಕಾಲಿನಲ್ಲಿ ಬೂಟು ಇರಲಿಲ್ಲ. ನಮ್ಮ ಪಾಲಿನ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಆಟ ಮುಗಿಯಲು ಒಂದೇ ನಿಮಿಷವಿದ್ದಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆದು ಗೆದ್ದಿತು. ಸೋತರೂ ಆ ಬರಿಗಾಲಿನ ಆಟವನ್ನು ನೋಡಿದವರು ಮೆಚ್ಚಿಕೊಂಡರು. ಆ ತಂಡದಲ್ಲಿ ಅಹ್ಮದ್ ಖಾನರೂ ಇದ್ದರು. ವಯಸ್ಸು ಇಪ್ಪತ್ತೊಂದು, ಈಗ ನಮ್ಮಲ್ಲಿ ಅನೇಕರ ವಯಸ್ಸು.

ಅಲ್ಲಿಂದ ಮುಂದೆ ಅವರ ಬಾಳಿನ ದಾರಿ ಕಲ್ಕತ್ತೆಯತ್ತ ತಿರುಗಿತು. ಈಸ್ಟ್ ಬೆಂಗಾಲ್ ಕ್ಲಬ್ಬಿನ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಜ್ಯೋತಿಷ್ ಗುಹರು ಆಟಗಾರರನ್ನು ಆರಿಸುವುದರಲ್ಲಿ ಬಹು ನಿಪುಣರು. ದಕ್ಷಿಣ ದೇಶದ ಮೈದಾನಗಳ ಮೇಲೆ ಅವರ ಕಣ್ಣಿತ್ತು. ಅಪ್ಪಾರಾವ್, ಸಾಲೆ, ವೆಂಕಟೇಶ್, ಧನರಾಜ್ ಆಗಲೇ ಕ್ಲಬ್ಬನ್ನು ಸೇರಿದ್ದರು. 1949ರಲ್ಲಿ ಅಹ್ಮದ್ ಖಾನರು ಸೇರಿದ ಮೇಲೆ ಮುಂಚೂಣಿಯ ಐದು ಸ್ಥಾನಗಳೂ ದಕ್ಷಿಣದವರಿಂದಲೇ ತುಂಬಿದವು. ವಂಗದೇಶದ ಜನ ಅವರನ್ನು ಪಂಚಪಾಂಡವರೆಂದು ಕರೆದರು. ಆ ಒಂದೇ ವರ್ಷದಲ್ಲಿ ಕಲ್ಕತ್ತೆಯ ಲೀಗು, ಐ.ಎಫ್.ಎ. ಷೀಲ್ಡು, ರೋವರ್ಸ್ ಕಪ್ಪು ಮೂರೂ ಕ್ಲಬ್ಬಿನ ಪಾಲಾದವು. ಷೀಲ್ಡನ್ನು 1949, 1950, 1951ರಲ್ಲಿ ಸತತವಾಗಿ ಗೆದ್ದರು. ಡ್ಯುರಾಂಡ್ ಕಪ್ಪನ್ನು 1951 ಮತ್ತು 1952ರಲ್ಲಿ ಗೆದ್ದರು. ಬೆಂಗಳೂರಿನಿಂದ ಹೋದವನು ಬಂಗಾಳಿಗಳ ಮನೆಮಾತಾದನು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಇಂತಹ ಆಟಗಾರನನ್ನು ಕ್ಲಬ್ಬಿಗೆ ಕಟ್ಟಿಹಾಕಿದ್ದ ಕರಾರು ಎಷ್ಟು ವರ್ಷದ್ದು? ಕಲ್ಕತ್ತೆಯ ಪದ್ಧತಿಯಲ್ಲಿ ಆಟಗಾರನು ಪ್ರತಿ ವರ್ಷವೂ ಆಟದ ಋತುವಿಗೆ ಮುಂಚೆ ಐ.ಎಫ್.ಎ. ಸಂಸ್ಥೆಯಲ್ಲಿ ತಾನು ಯಾವ ಕ್ಲಬ್ಬಿಗೆ ಆಡುವೆನೆಂದು ಸಹಿ ಹಾಕಬೇಕಾಗಿತ್ತು. ಆ ಸಹಿಯ ಆಯುಷ್ಯ ಒಂದೇ ವರ್ಷ. ಅದಾದರೂ ಹೆಸರು ನೋಂದಾಯಿಸುವ ಸಹಿಯೇ ಹೊರತು ಸಂಬಳದ ಕರಾರಲ್ಲ. ಏಕೆಂದರೆ ನಮ್ಮ ದೇಶದಲ್ಲಿ ಆಗ ಕಾಲ್ಚೆಂಡು ಹವ್ಯಾಸಿಗಳ ಆಟ; ಹಣಕ್ಕಾಗಿ ಆಡುವವನಿಗೆ ಒಲಿಂಪಿಕ್ಸಿನ ಬಾಗಿಲು ಮುಚ್ಚಿತ್ತು. ಊಟ ವಸತಿ, ಎಲ್ಲೋ ಒಂದು ನೌಕರಿ, ಕೈಗೆ ಸದ್ದಿಲ್ಲದೆ ಬರುವ ಸ್ವಲ್ಪ ಹಣ: ಇವು ಆಟಗಾರರಿಗೆ ಸಿಗುತ್ತಿದ್ದ ಆಸರೆಗಳು. ಸಹಿಯ ಕಾಲ ಬಂದಾಗ ಎದುರಾಳಿಗಳ ಕೈಗೆ ಸಿಗದಂತೆ ಆಟಗಾರರನ್ನು ಬಚ್ಚಿಡುತ್ತಿದ್ದ ಕತೆಗಳು ಆ ನಗರದಲ್ಲಿ ದಶಕಗಳ ಕಾಲ ಪ್ರಸಿದ್ಧವಾಗಿದ್ದವು. ಕಾಲು ಚೆನ್ನಾಗಿರುವಷ್ಟು ದಿನ ಈ ಪದ್ಧತಿ ಆಟಗಾರನಿಗೆ ಅನುಕೂಲ. ಮೊಣಕಾಲು ಮುರಿದ ದಿನ ಅವನ ಕೈಯಲ್ಲಿ ತೋರಿಸಲು ಕಾಗದವೇ ಇಲ್ಲ.

ಅದೇ ಕಾಲದಲ್ಲಿ ಈ ಆಟದ ತವರಾದ ಇಂಗ್ಲೆಂಡಿನಲ್ಲಿ ಕಷ್ಟವು ತಿರುಗುಮುರುಗಾಗಿತ್ತು. ಅಲ್ಲಿ ಆಟಗಾರನಿಗೆ ಕರಾರು ಉಂಟು, ಸಂಬಳವೂ ಉಂಟು; ಆದರೆ ಕರಾರಿನ ವರ್ಷ ಮುಗಿದರೂ ಕ್ಲಬ್ಬು ಒಪ್ಪದೆ ಅವನು ಬೇರೆಡೆಗೆ ಹೋಗುವಂತಿಲ್ಲ. ಕ್ಲಬ್ಬಿನ ಹೊಣೆ ಒಂದು ವರ್ಷದ್ದು, ಆಟಗಾರನ ಬಂಧನ ಆಟದ ಆಯುಷ್ಯದಷ್ಟು! ಸಂಬಳಕ್ಕೂ ಮಿತಿ ಇತ್ತು. ಅದು 1961ರಲ್ಲಿ ರದ್ದಾಯಿತು. ಜಾರ್ಜ್ ಈಸ್ಟ್‌ಹ್ಯಾಂ ಎಂಬ ಆಟಗಾರನು ನ್ಯಾಯಾಲಯಕ್ಕೆ ಹೋಗಿ 1963ರಲ್ಲಿ ಆ ಕಟ್ಟನ್ನು ಸಡಿಲಿಸಿದನು. ಬೆಲ್ಜಿಯಮಿನ ಬೋಸ್ಮನ್ ಎಂಬವನ ಮೊಕದ್ದಮೆಯಲ್ಲಿ 1995ರಲ್ಲಿ ಬಂದ ತೀರ್ಪಿನಿಂದ ಯುರೋಪಿನ ಒಕ್ಕೂಟದಲ್ಲಿ ಕರಾರು ಮುಗಿದವನು ವರ್ಗಾವಣೆಯ ಹಣವಿಲ್ಲದೆ ಬೇರೆ ಕ್ಲಬ್ಬಿಗೆ ಹೋಗಬಹುದೆಂದಾಯಿತು. ಬಳಿಕ ಫಿಫಾ ಸಂಸ್ಥೆಯ ನಿಯಮಗಳು ಕರಾರಿನ ಉದ್ದಕ್ಕೇ ಅಳತೆಗೋಲು ಹಾಕಿದವು: ಆ ಋತು ಮುಗಿಯುವುದಕ್ಕಿಂತ ಕಡಿಮೆ ಇರಕೂಡದು, ಸಾಮಾನ್ಯವಾಗಿ ಐದು ವರ್ಷಕ್ಕಿಂತ ಹೆಚ್ಚು ಇರಕೂಡದು; ಹದಿನೆಂಟು ತುಂಬದವರಿಗೆ ಮೂರೇ ವರ್ಷ. ತೀರ ಗಿಡ್ಡ ಕರಾರು ಹಸಿವಿಗೆ ದಾರಿ, ತೀರ ಉದ್ದದ್ದು ಜೀತಕ್ಕೆ ದಾರಿ ಎಂಬ ಅನುಭವವೇ ಈ ಮಿತಿಗಳ ಹಿಂದಿರಬೇಕು.

ಈಗ ಮತ್ತೆ ಅಹ್ಮದ್ ಖಾನರ ಕಡೆಗೆ ಬರೋಣ. 1951ರಲ್ಲಿ ನವದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯದ ಎದುರು ನಾವು ಒಂದಕ್ಕೆ ಹತ್ತು ಗೋಲುಗಳಿಂದ ಸೋತೆವು. ಆ ಒಂದು ಗೋಲು ಅಹ್ಮದ್ ಖಾನರದು. ಸೋಲು ಖಚಿತವಾದ ಮೇಲೆ, ಆಟ ಮುಗಿಯುವ ಹೊತ್ತಿಗೆ ಬಂದ ಗೋಲದು. ಗೆಲ್ಲುವಾಗ ಓಡುವವರು ಬಹಳ, ಸೋಲುವಾಗಲೂ ಕಡೆಯ ನಿಮಿಷದವರೆಗೆ ಓಡುವವರು ವಿರಳ. 1953ರಲ್ಲಿ ಕ್ಲಬ್ಬು ರುಮೇನಿಯ ಮತ್ತು ಸೋವಿಯತ್ ದೇಶಗಳ ಪ್ರವಾಸ ಮಾಡಿತು. ಪಂಚಪಾಂಡವರ ಜೊತೆಯಾಟಕ್ಕೆ ಆ ವರ್ಷವೇ ಕೊನೆ. ಐವರೂ ಕೂಡಿ ಆಡಿದ್ದು ಐದೇ ಋತು.

ಉಳಿದವರು ಚದರಿದರೂ ಅಹ್ಮದ್ ಖಾನರು ಉಳಿದರು. ವರ್ಷಕ್ಕೊಂದು ಸಹಿಯಂತೆ ಸುಮಾರು ಹತ್ತು ವರ್ಷ ಅದೇ ಕ್ಲಬ್ಬಿನಲ್ಲಿ ಆಡಿದರು; ಅದರ ನಾಯಕರೂ ಆದರು. ಅವರನ್ನು ಹಿಡಿದಿಟ್ಟದ್ದು ಉದ್ದವಾದ ಕರಾರಲ್ಲ, ಏಕೆಂದರೆ ಅಂತಹ ಕರಾರೇ ಇರಲಿಲ್ಲ. ಆಡಲು ತಕ್ಕ ಜೊತೆಗಾರರು, ಆಟವನ್ನು ಬಲ್ಲ ಆಡಳಿತ, ತಮ್ಮವನೆಂದು ಅಪ್ಪಿಕೊಂಡ ಜನ ಅಲ್ಲಿದ್ದರು. ಕ್ಲಬ್ಬನ್ನು ನಡೆಸುವುದೆಂದರೆ ಕಾಗದದಲ್ಲಿ ಕಟ್ಟುವುದಲ್ಲ, ಬಿಟ್ಟು ಹೋಗಲು ಮನಸ್ಸಾಗದಂತೆ ನಡೆದುಕೊಳ್ಳುವುದು ಎಂಬುದನ್ನು ಇದರಿಂದ ಕಲಿಯಬಹುದು.

ಆದರೆ ಒಳ್ಳೆಯತನವೊಂದೇ ಸಾಕೆ? ಇಲ್ಲಿ ನನ್ನ ಮನೆಯ ಸಂಗತಿಯೊಂದನ್ನು ಹೇಳಲು ಓದುಗರು ಕ್ಷಮಿಸಬೇಕು. ನನ್ನ ತಂದೆ ನಗರದ ಪೂರ್ವಭಾಗದ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಕೆಲಸಗಾರರು. ಕರಾರು ಹನ್ನೊಂದು ತಿಂಗಳದು. ಹನ್ನೆರಡನೆಯ ತಿಂಗಳು ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತನಾಡುವುದಿಲ್ಲ. ಮೇಲ್ವಿಚಾರಕರು ಒಳ್ಳೆಯವರೇ, ಪ್ರತಿ ಸಲವೂ ಮತ್ತೆ ಕರೆದಿದ್ದಾರೆ. ಆದರೂ ಕರೆ ಬರುವವರೆಗೆ ಅಮ್ಮ ಅಂಗಡಿಯ ಸಾಲವನ್ನು ಹೆಚ್ಚಿಸುವುದಿಲ್ಲ. ನಾನು ಬಿ.ಎ. ತರಗತಿಗೆ ಸೇರಿದ್ದು ಇಂತಹ ಒಂದು ತಿಂಗಳಿನಲ್ಲಿಯೇ. ಅಹ್ಮದ್ ಖಾನರು ಹತ್ತು ಸಲ ಸಹಿ ಹಾಕಿದರೆಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಹನ್ನೆರಡನೆಯ ತಿಂಗಳು.

ಬೆಂಗಳೂರಿನ ಆಟಗಾರರಿಗೆ ಇನ್ನೊಂದು ದಾರಿಯೂ ತೆರೆದಿತ್ತು. ಕೆ.ಆರ್. ಪುರದ ಸಮೀಪದ ದೂರವಾಣಿನಗರದ ಐ.ಟಿ.ಐ., ಹಳೆಯ ವಿಮಾನ ನಿಲ್ದಾಣದ ಬಳಿಯ ಎಚ್.ಎ.ಎಲ್. ಮೊದಲಾದ ಸರ್ಕಾರಿ ಕಾರ್ಖಾನೆಗಳು ತಂಡಗಳನ್ನು ಕಟ್ಟಿ ಆಟಗಾರರಿಗೆ ಕೆಲಸ ಕೊಟ್ಟವು. ಕಾಯಂ ಆದವನಿಗೆ ಕಾಲಿನ ಬಲ ಕುಂದಿದ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ಐದು ವರ್ಷವಲ್ಲ, ನಿವೃತ್ತಿಯವರೆಗಿನ ಕರಾರು! ಎಷ್ಟೋ ಬಡ ಮನೆಗಳು ಅದರಿಂದ ನೆಲೆ ಕಂಡವು. ಆ ಕಾಲ ಕಳೆದು 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ವೃತ್ತಿಪರ ಕ್ಲಬ್ಬು ಹುಟ್ಟಿ, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಈಗ ಸಂಬಳ, ವರ್ಷ, ಷರತ್ತುಗಳೆಲ್ಲ ಬರೆಹದಲ್ಲಿ ಇರುತ್ತವೆ. ಹಾಗಿದ್ದೂ 2025ರ ಆಗಸ್ಟಿನಲ್ಲಿ ದೇಶದ ಮುಖ್ಯ ಲೀಗಿನ ಭವಿಷ್ಯವೇ ಅನಿಶ್ಚಿತವಾದಾಗ, ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಆ ಕ್ಲಬ್ಬು ಪ್ರಕಟಿಸಬೇಕಾಯಿತು. ಕರಾರು ಎಷ್ಟೇ ಉದ್ದವಿರಲಿ, ಅದನ್ನು ಹೊತ್ತ ಸಂಸ್ಥೆ ಭದ್ರವಿಲ್ಲದಿದ್ದರೆ ಅದು ಕಾಗದವೇ ಸರಿ. ಒಳ್ಳೆಯ ಆಡಳಿತವಿಲ್ಲದ ಕರಾರು ಪೊಳ್ಳು. ಕರಾರಿಲ್ಲದ ಒಳ್ಳೆಯ ಆಡಳಿತ ಬರಿಯ ಕೃಪೆ. ದುಡಿಯುವವನಿಗೆ ಎರಡೂ ಬೇಕು.

ಅಹ್ಮದ್ ಖಾನರು ಆಟ ಮುಗಿಸಿ ಹುಟ್ಟೂರಿಗೆ ಮರಳಿದರು. ತೊಂಬತ್ತು ವರ್ಷದ ತುಂಬುಬಾಳನ್ನು ಬಾಳಿ, 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ಕಾಲವಾದರು. ಅವರ ಆಟವನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು ಮಂದಿ ಇದ್ದಾರು. ಆದರೂ ಸಂಜೆಯಾದೊಡನೆ ಹಲಸೂರಿನ ಮೈದಾನದಲ್ಲಿ ಹುಡುಗನೊಬ್ಬನು ಎಡಕ್ಕೆ ವಾಲಿ ಬಲಕ್ಕೆ ನುಸುಳಿದಾಗ ಆ ಹಾವಾಡಿಗನ ಪರಂಪರೆ ಇನ್ನೂ ಉಳಿದಿದೆ ಎನಿಸುತ್ತದೆ.

ಪ್ರಿಯ ಸಹಪಾಠಿಗಳೇ, ಇನ್ನು ಕೆಲವೇ ತಿಂಗಳುಗಳಲ್ಲಿ ನಾವೂ ಪದವಿ ಪಡೆದು ಯಾವುದೋ ಕಚೇರಿಯಲ್ಲಿ ಯಾವುದೋ ಕಾಗದಕ್ಕೆ ಸಹಿ ಹಾಕುವೆವು. ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ: ಈ ಕಾಗದ ನನ್ನನ್ನು ಎಷ್ಟು ಕಾಲ ಕಟ್ಟುತ್ತದೆ? ಕೊಟ್ಟವರನ್ನು ಎಷ್ಟು ಕಾಲ ಕಟ್ಟುತ್ತದೆ? ಎರಡೂ ಸಮವಾಗಿದ್ದರೆ ಸಂತೋಷ. ಇಲ್ಲದಿದ್ದರೆ ಸಮವಾಗಲಿ ಎಂದು ಕೇಳುವ ಧೈರ್ಯ ನಮಗಿರಲಿ. ಸಹಿ ಹಾಕಿದ ಮೇಲೆ ಮಾತ್ರ ಹೆಲ್ಸಿಂಕಿಯ ಆ ಕೊನೆಯ ನಿಮಿಷವನ್ನು ನೆನೆದು ದುಡಿಯೋಣ. ನಮ್ಮೂರಿನ ಆ ಹಿರಿಯರ ಬಾಳನ್ನು ಓದಿದ್ದಕ್ಕೆ ಇದಕ್ಕಿಂತ ಸಾರ್ಥಕತೆ ಬೇರೆ ಬೇಕಿಲ್ಲ.