ಮಗು ಕಾಯಿಲೆ ಬೀಳುವ ಮೊದಲೇ ಮನೆಗೆ ಹೋದ ವೈದ್ಯೆ

ನಿಮ್ಮ ಮನೆಯಲ್ಲಿ ಕಣ್ಣಿನ ಡ್ರಾಪ್ಸ್ ಬಾಟಲಿ ಇದ್ದರೆ ಒಮ್ಮೆ ತೆಗೆದು ನೋಡಿ. ಮುಚ್ಚಳ ತೆರೆದ ದಿನಾಂಕವನ್ನು ಬರೆದಿಟ್ಟಿದ್ದೀರಾ? ಸಾಮಾನ್ಯವಾಗಿ ತೆರೆದು ನಾಲ್ಕು ವಾರವಾದ ಮೇಲೆ ಬಳಸಬೇಡಿ ಎಂದು ನಾವು ಫಾರ್ಮಸಿಸ್ಟ್‌ಗಳು ಹೇಳುತ್ತಲೇ ಇರುತ್ತೇವೆ. ಇನ್ನೂ ಅರ್ಧ ಉಳಿದಿದೆಯಲ್ಲ ಎಂದು ಜನ ಬೇಸರಪಡುತ್ತಾರೆ. ತೆರೆದ ಬಾಟಲಿಯ ಈ ಅಪಾಯಕ್ಕೆ ನೂರು ವರ್ಷಕ್ಕೂ ಹಿಂದೆಯೇ ಉಪಾಯ ಕಂಡುಕೊಂಡವರು ನ್ಯೂಯಾರ್ಕಿನ ವೈದ್ಯೆ ಸಾರಾ ಜೋಸೆಫೀನ್ ಬೇಕರ್.

ಅವರು ಹುಟ್ಟಿದ್ದು 1873ರಲ್ಲಿ. 16ನೇ ವಯಸ್ಸಿನಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ತಮ್ಮನನ್ನೂ ತಂದೆಯನ್ನೂ ಕಳೆದುಕೊಂಡರು. ತಂದೆಯನ್ನು ಬಲಿ ತೆಗೆದುಕೊಂಡದ್ದು ಟೈಫಾಯ್ಡ್. ಮನೆ ನಡೆಸುವ ಹೊಣೆ ಹೆಗಲಿಗೆ ಬಿದ್ದಾಗ, ಮನೆಯವರು ಬೇಡವೆಂದರೂ ಬೇಕರ್ ವೈದ್ಯಕೀಯ ಓದಿ 1898ರಲ್ಲಿ ಪದವಿ ಪಡೆದರು. ಸ್ವಂತ ಕ್ಲಿನಿಕ್ಕಿನ ಸಂಪಾದನೆ ಸಾಲದೆ ನಗರದ ಆರೋಗ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆದರು.

ಬೇಸಿಗೆಯಲ್ಲಿ ಬಡವರ ಕೇರಿಗಳ ಮಹಡಿ ಮೆಟ್ಟಿಲು ಹತ್ತಿಳಿದು ಕಾಯಿಲೆ ಮಕ್ಕಳನ್ನು ಹುಡುಕುವುದೇ ಅವರ ಕೆಲಸ. ಹಸುಗೂಸುಗಳು ಭೇದಿಯಿಂದ ಸಾಯುತ್ತಿದ್ದವು. ಬೇಸಿಗೆ ಬಂದರೆ ಹೀಗೇ ಎಂದು ತಾಯಂದಿರೂ ಕೈಚೆಲ್ಲಿದ್ದರು. ತಾವು ತಲುಪುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ ಎಂಬುದು ಬೇಕರ್ ಅವರಿಗೆ ಮನವರಿಕೆಯಾಯಿತು. ಹಾಗಾದರೆ ಮಗು ಆರೋಗ್ಯವಾಗಿರುವಾಗಲೇ ಹೋದರೆ?

1908ರ ಬೇಸಿಗೆಯಲ್ಲಿ ಅದನ್ನೇ ಮಾಡಿ ನೋಡಿದರು. ವಲಸಿಗರು ಕಿಕ್ಕಿರಿದಿದ್ದ ಒಂದು ಪ್ರದೇಶವನ್ನು ಆರಿಸಿಕೊಂಡು, ಜನನ ನೋಂದಣಿಯಿಂದ ವಿಳಾಸ ತೆಗೆದು, ಹೊಸ ಮಗು ಹುಟ್ಟಿದ ಮನೆಗಳಿಗೆಲ್ಲ ನರ್ಸ್‌ಗಳನ್ನು ಕಳುಹಿಸಿದರು. ಅವರು ಹೇಳಿಕೊಟ್ಟದ್ದು ಇಷ್ಟೇ: ಎದೆಹಾಲು ಕೊಡಿ, ಕಿಟಕಿ ತೆರೆಯಿರಿ, ದಿನವೂ ಸ್ನಾನ ಮಾಡಿಸಿ, ಸೆಖೆಯಲ್ಲಿ ಮಗುವಿಗೆ ಬಟ್ಟೆ ಸುತ್ತಿ ಬಿಗಿಯಬೇಡಿ. ಹಿಂದಿನ ಬೇಸಿಗೆಗೆ ಹೋಲಿಸಿದರೆ ಅಲ್ಲಿ ಸುಮಾರು 1,200 ಸಾವು ಕಡಿಮೆಯಾದವು. ಅದೇ ವರ್ಷ ನಗರವು ಮಕ್ಕಳ ಆರೋಗ್ಯಕ್ಕೇ ಒಂದು ವಿಭಾಗ ತೆರೆದು ಅವರನ್ನು ಮುಖ್ಯಸ್ಥೆಯಾಗಿ ನೇಮಿಸಿತು.

ಅಮ್ಮ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವಳು ಅಕ್ಕ ತಾನೇ? ಅದಕ್ಕೇ ಶಾಲೆಯ ಹುಡುಗಿಯರಿಗೂ ಶಿಶು ಆರೈಕೆಯ ತರಬೇತಿ ಕೊಡಿಸಿದರು. ಶುದ್ಧ ಹಾಲು ಸಿಗುವ ಕೇಂದ್ರಗಳನ್ನೂ ತೆರೆಸಿದರು.

ಇನ್ನು ಆ ಕಣ್ಣಿನ ಹನಿಯ ವಿಚಾರ. ತಾಯಿಗೆ ಗೊನೊರಿಯಾ ಇದ್ದರೆ ಹೆರಿಗೆಯ ವೇಳೆ ಸೋಂಕು ಮಗುವಿನ ಕಣ್ಣಿಗೆ ತಗಲಿ ದೃಷ್ಟಿಯೇ ಹೋಗಬಹುದು. ಅದನ್ನು ತಡೆಯಲು ಸಿಲ್ವರ್ ನೈಟ್ರೇಟ್ ದ್ರಾವಣ ಹಾಕುತ್ತಿದ್ದರು. ಆದರೆ ತೆರೆದ ಬಾಟಲಿಯಲ್ಲಿ ನೀರು ಆರಿ ದ್ರಾವಣ ಗಟ್ಟಿಯಾಗುತ್ತಿತ್ತು, ಕಲುಷಿತವೂ ಆಗುತ್ತಿತ್ತು; ಕಣ್ಣು ಕಾಯಬೇಕಾದ ಔಷಧವೇ ಕಣ್ಣನ್ನು ಸುಡುತ್ತಿತ್ತು. ಬೇಕರ್ ಒಂದು ಕಣ್ಣಿಗೆ ಬೇಕಾದಷ್ಟನ್ನೇ ಜೇನುಮೇಣದ ಪುಟ್ಟ ಕ್ಯಾಪ್ಸೂಲಿನಲ್ಲಿ ತುಂಬಿಸಿದರು. ಸೂಲಗಿತ್ತಿಯರೂ ಅಳತೆ ತಪ್ಪದೆ ಬಳಸಬಹುದಿತ್ತು. ಔಷಧದ ಪೊಟ್ಟಣಗಳ ಸೂಚನೆಗಳನ್ನು ಕನ್ನಡಕ್ಕೆ ತರುವ ನನಗೆ ಅವರ ಕೆಲಸಗಳಲ್ಲೆಲ್ಲ ಇದೇ ಹೆಚ್ಚು ಇಷ್ಟ: ಸೂಚನೆಯನ್ನು ಓದಿ ತಿಳಿಯುವ ಅಗತ್ಯವೇ ಇಲ್ಲದಂತೆ ಮಾಡಿಬಿಟ್ಟರು!

ವಿರೋಧವೂ ಬಂತು. ಮಕ್ಕಳು ಕಾಯಿಲೆ ಬೀಳದಿದ್ದರೆ ತಮ್ಮ ವೃತ್ತಿ ಹಾಳಾಗುತ್ತದೆ ಎಂದು ಬ್ರೂಕ್ಲಿನ್ನಿನ ಕೆಲವು ವೈದ್ಯರು ಮೇಯರ್‌ಗೆ ದೂರು ಕೊಟ್ಟರು. ಬೇಕರ್ ಆ ದೂರನ್ನು ಹೊಗಳಿಕೆಯೆಂದೇ ತೆಗೆದುಕೊಂಡರು. ನ್ಯೂಯಾರ್ಕ್ ವಿಶ್ವವಿದ್ಯಾಲಯ ಪಾಠ ಹೇಳಲು ಕರೆದಾಗ, ಹೆಣ್ಣಾದ ತನಗೂ ಅಲ್ಲಿ ಓದಲು ಸೀಟು ಕೊಟ್ಟರೆ ಮಾತ್ರ ಎಂದು ಪಟ್ಟು ಹಿಡಿದು, 1917ರಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಡಾಕ್ಟರೇಟ್ ಪಡೆದರು. 1923ರಲ್ಲಿ ನಿವೃತ್ತರಾದರು, 1945ರಲ್ಲಿ ತೀರಿಕೊಂಡರು.

ಅವರ ಕೈಯಲ್ಲಿ ಓಆರ್‌ಎಸ್ ಇರಲಿಲ್ಲ. ನಿಮ್ಮ ಕೈಯಲ್ಲಿದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪುಡಿ ಬೆರೆಸಿ. ಅರ್ಧ ಪುಡಿ, ಅಂದಾಜಿನ ನೀರು ಬೇಡ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ವೈದ್ಯರು 14 ದಿನ ಝಿಂಕ್ ಬರೆದಿದ್ದರೆ ಭೇದಿ ನಿಂತರೂ 14 ದಿನ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಮಗು ಕುಡಿಯಲು ಒಲ್ಲದಿದ್ದರೆ, ಕಣ್ಣು ಗುಳಿಬಿದ್ದು ಮಂಕಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿಸಲು ನೋಡಿ.