ಕಯ್ಯೂರಿನ ರೈತರ ಕಥೆ ಬರೆದ ನಿರಂಜನ

ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಡೆದ ಧ್ವಜ ಸತ್ಯಾಗ್ರಹ ಕೊಕ್ಕರೆ ಬೆಳ್ಳೂರಿನಿಂದ ಮಳವಳ್ಳಿವರೆಗೆ ನಮ್ಮವರಿಗೆಲ್ಲ ಗೊತ್ತು. ಅದಾದ ಮೂರೇ ವರ್ಷಕ್ಕೆ, ಈಗ ಕೇರಳಕ್ಕೆ ಸೇರಿರುವ ಕಯ್ಯೂರಿನಲ್ಲೂ ರೈತರು ಎದ್ದುನಿಂತರು. ಆ ಕಥೆ ಕನ್ನಡದಲ್ಲಿ ಉಳಿದಿರೋದು ನಿರಂಜನ ಅವರಿಂದ.

ಅವರ ನಿಜವಾದ ಹೆಸರು ಕುಳ್ಕುಂದ ಶಿವರಾಯ. 1924ರಲ್ಲಿ ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ ಹುಟ್ಟಿದರು. ತಾಯಿಯ ಆಸರೆಯಲ್ಲೇ ಬೆಳೆದು, ಹೈಸ್ಕೂಲಿಗೆ ನೀಲೇಶ್ವರಕ್ಕೆ ಹೋದರು. ಕಯ್ಯೂರು ಅಲ್ಲಿಗೆ ಹತ್ತಿರ. ಆಗ ಅದೆಲ್ಲ ದಕ್ಷಿಣ ಕನ್ನಡ ಜಿಲ್ಲೆ. ಗೇಣಿ ಜೊತೆಗೆ ಜಮೀನ್ದಾರರು ಕೇಳಿದ್ದನ್ನೆಲ್ಲ ಕೊಟ್ಟು ಸೋತಿದ್ದ ರೈತರು ಸಂಘ ಕಟ್ಟಿದ್ದರು. 1941ರ ಮಾರ್ಚ್‌ನಲ್ಲಿ ಮೆರವಣಿಗೆ ಹೊತ್ತಲ್ಲಿ ಒಬ್ಬ ಪೊಲೀಸ್ ಹೊಳೆಗೆ ಹಾರಿ ಸತ್ತ. ಆ ಕೇಸಲ್ಲಿ ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು.

ಹದಿಹರೆಯದ ಶಿವರಾಯರ ಮನಸ್ಸಿನಿಂದ ಇದು ಮಾಸಲಿಲ್ಲ. ಮಂಗಳೂರಿನಲ್ಲಿ ಪತ್ರಿಕೆ ಕೆಲಸಕ್ಕೆ ಸೇರಿದರು, ಕಮ್ಯುನಿಸ್ಟ್ ಚಳವಳಿಗೆ ಇಳಿದರು. ಸ್ವಾತಂತ್ರ್ಯ ಬಂದ ಮೇಲೂ ಪೊಲೀಸರ ಕಣ್ಣು ತಪ್ಪಿಸಿ ಭೂಗತರಾಗಿ ಇರಬೇಕಾಯಿತು. ಆಮೇಲೆ ಬರವಣಿಗೆಯನ್ನೇ ಜೀವನಕ್ಕೆ ನಂಬಿಕೊಂಡರು. ಬರೆದು ಸಂಸಾರ ಸಾಗಿಸೋದು ಇವತ್ತಿಗೂ ಸುಲಭ ಅಲ್ಲ, ಆಗಂತೂ ಕೇಳೋದೇ ಬೇಡ. ಡಾಕ್ಟರೂ ಲೇಖಕಿಯೂ ಆಗಿದ್ದ ಪತ್ನಿ ಅನುಪಮಾ ಜೊತೆಗಿದ್ದರು.

1955ರಲ್ಲಿ ಕಯ್ಯೂರಿನ ಕಥೆ 'ಚಿರಸ್ಮರಣೆ' ಕಾದಂಬರಿಯಾಗಿ ಬಂತು. ಅದರಲ್ಲಿ ರಾಜರಿಲ್ಲ, ದೊಡ್ಡ ಲೀಡರುಗಳಿಲ್ಲ. ಉಳುವವರ ಮಕ್ಕಳೇ ನಾಯಕರು. ಮಲಯಾಳಂಗೂ ಅನುವಾದವಾಗಿ, ಕಯ್ಯೂರಿನವರು ತಮ್ಮ ಕಥೆಯನ್ನು ತಮ್ಮ ಭಾಷೆಯಲ್ಲೇ ಓದುವ ಹಾಗಾಯಿತು. ಕಯ್ಯೂರಿನ ಪಕ್ಕ ಹರಿಯುವ ಹೊಳೆ ತೇಜಸ್ವಿನಿ. ನಿರಂಜನರ ಮಗಳ ಹೆಸರೂ ತೇಜಸ್ವಿನಿ.

1971ರಲ್ಲಿ ಪಾರ್ಶ್ವವಾಯು ಹೊಡೆಯಿತು. ಬೇರೆಯವರಾದರೆ ಅಲ್ಲಿಗೇ ಪೆನ್ನು ಕೆಳಗಿಡುತ್ತಿದ್ದರೇನೋ. ಇವರು ಮಾತ್ರ ಪ್ರಾಚೀನ ಈಜಿಪ್ಟಿನ ರೈತರ ದಂಗೆಯ ಮೇಲೆ 'ಮೃತ್ಯುಂಜಯ' ಬರೆದರು. ಮಕ್ಕಳು, ಯುವಕರಿಗಾಗಿ 7 ಸಂಪುಟಗಳ 'ಜ್ಞಾನ ಗಂಗೋತ್ರಿ' ಇವರ ಸಂಪಾದನೆಯಲ್ಲಿ ಬಂತು. ದೇಶದೇಶದ ಕಥೆಗಳನ್ನು ಕನ್ನಡಕ್ಕೆ ತಂದ 25 ಸಂಪುಟಗಳ 'ವಿಶ್ವ ಕಥಾಕೋಶ'ಕ್ಕೂ ಇವರೇ ಸಂಪಾದಕರು.

1990ರ ದಶಕದ ಶುರುವಿನಲ್ಲಿ ನಿರಂಜನ ತೀರಿಕೊಂಡರು. ಅವರ ರಾಜಕೀಯ ಎಲ್ಲರಿಗೂ ಒಪ್ಪಿಗೆ ಆಗಬೇಕಿಲ್ಲ. ಆದರೆ ಕಬ್ಬಿನ ಬಾಕಿಗೆ, ನಾಲೆ ನೀರಿಗೆ ರಸ್ತೆಗಿಳಿದು ಗೊತ್ತಿರುವ ನಮ್ಮ ಜಿಲ್ಲೆಯವರಿಗೆ 'ಚಿರಸ್ಮರಣೆ' ದೂರದ ಕಥೆ ಅನಿಸೋದಿಲ್ಲ. ಲೈಬ್ರರಿಯಲ್ಲಿ ಸಿಕ್ಕರೆ ಒಮ್ಮೆ ಓದಿ ನೋಡಿ.