ಲಾರ್ಡ್ ಕರ್ಜನ್ ಮತ್ತು ಪ್ರಾಚೀನ ಸ್ಮಾರಕಗಳ ಸಂರಕ್ಷಣೆ

ಜಾರ್ಜ್ ನಥಾನಿಯಲ್ ಕರ್ಜನ್ ಇವರು 1859ರ ಜನವರಿ 11ರಂದು ಇಂಗ್ಲೆಂಡಿನ ಕೆಡ್ಲ್‌ಸ್ಟನ್‌ನಲ್ಲಿ ಜನಿಸಿದರು. 1899ರ ಜನವರಿಯಲ್ಲಿ ಭಾರತದ ವೈಸರಾಯ್ ಹುದ್ದೆಯನ್ನು ವಹಿಸಿಕೊಂಡರು. 1905ರ ಬಂಗಾಳ ವಿಭಜನೆಯಿಂದಾಗಿ ಇವರು ಭಾರತೀಯರ ತೀವ್ರ ಅಸಮಾಧಾನಕ್ಕೆ ಗುರಿಯಾದರು. ಅದಕ್ಕೆ ಕಾರಣವೂ ಇತ್ತು. ಆದಾಗ್ಯೂ ಸ್ಮಾರಕಗಳ ಸಂರಕ್ಷಣೆಯ ವಿಷಯದಲ್ಲಿ ಇವರ ಕಾರ್ಯವನ್ನು ಮರೆಯುವಂತಿಲ್ಲ.

ಇವರು ಬರುವ ವೇಳೆಗೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಮಹಾನಿರ್ದೇಶಕರ ಹುದ್ದೆ ಹತ್ತು ವರ್ಷಗಳಿಂದ ಇರಲಿಲ್ಲ. ದುರಸ್ತಿಯ ಹೊರೆ ಪ್ರಾಂತೀಯ ಸರ್ಕಾರಗಳ ಮೇಲಿದ್ದು, ಅನುದಾನವು ಅಲ್ಲಿನ ಅಧಿಕಾರಿಗಳ ಆಸಕ್ತಿಯನ್ನು ಅವಲಂಬಿಸಿತ್ತು. ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ಬಿಜಾಪುರದಲ್ಲಿ (ಈಗಿನ ವಿಜಯಪುರ) ಒಂದು ಮಸೀದಿ ಪ್ರವಾಸಿ ಬಂಗಲೆಯಾಗಿ, ಮತ್ತೊಂದು ಅಂಚೆ ಕಚೇರಿಯಾಗಿ ಬಳಕೆಯಾಗಿದ್ದವು. ಕರ್ಜನ್ ಅವುಗಳನ್ನು ತೆರವುಗೊಳಿಸಿದರು. ಅಂದರೆ ಸ್ಮಾರಕಗಳಿಗೆ ಒದಗಿದ್ದ ಅಪಾಯದಲ್ಲಿ ಸರ್ಕಾರದ ಪಾಲೂ ಇತ್ತೆಂಬುದನ್ನು ಇಲ್ಲಿ ಗಮನಿಸಬೇಕು.

1902ರಲ್ಲಿ ಜಾನ್ ಮಾರ್ಷಲ್ ಇವರನ್ನು ಮಹಾನಿರ್ದೇಶಕರನ್ನಾಗಿ ನೇಮಿಸಲಾಯಿತು. ಪ್ರಾಂತ್ಯಗಳ ಅನುದಾನಕ್ಕೆ ಪೂರಕವಾಗಿ ಕೇಂದ್ರದ ಬೊಕ್ಕಸದಿಂದಲೂ ಹಣ ಒದಗಿಸಲಾಯಿತು. ಆ ಹಣ ಭಾರತದ ರೈತರು ಸಲ್ಲಿಸಿದ ಕಂದಾಯದ್ದೂ ಆಗಿತ್ತು.

1904ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಅಧಿನಿಯಮವು ಇವರ ಅವಧಿಯ ಮುಖ್ಯ ಕೊಡುಗೆ. ಖಾಸಗಿ ಒಡೆತನದಲ್ಲಿದ್ದ ಸ್ಮಾರಕವನ್ನು ಸಂರಕ್ಷಿತವೆಂದು ಘೋಷಿಸುವುದಕ್ಕೂ, ಮಾಲೀಕರೊಡನೆ ಲಿಖಿತ ಕರಾರು ಮಾಡಿಕೊಳ್ಳುವುದಕ್ಕೂ, ಅದನ್ನು ಖರೀದಿಸುವುದಕ್ಕೂ ಅಥವಾ ಅದರ ಪಾಲನೆಯನ್ನು ವಹಿಸಿಕೊಳ್ಳುವುದಕ್ಕೂ ಇದರಲ್ಲಿ ಅವಕಾಶವಿತ್ತು. ಹಾಗೆ ಸರ್ಕಾರದ ಪಾಲನೆಗೆ ಬಂದ ಸ್ಮಾರಕದ ನಿರ್ವಹಣೆ ಸರ್ಕಾರದ ಹೊಣೆಯಾಯಿತು. ಅದೇ ಕಾಯಿದೆಯಡಿ ಸಾರ್ವಜನಿಕರಿಂದ ಸ್ವಯಂಪ್ರೇರಿತ ವಂತಿಗೆಯನ್ನೂ ಸ್ವೀಕರಿಸಬಹುದಾಗಿತ್ತು. ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಹೊಂದದ ಕಾರ್ಯಗಳಿಗೆ ಬಳಸಬಾರದೆಂಬ ಉಪಬಂಧವೂ ಇದರಲ್ಲಿತ್ತು.

ಕರ್ಜನ್ 1905ರ ನವೆಂಬರ್‌ನಲ್ಲಿ ಭಾರತವನ್ನು ಬಿಟ್ಟರು. ತಾಜ್ ಮಹಲಿನ ಸಮಾಧಿಗಳ ಮೇಲೆ ತೂಗುವ, ಕೈರೋದಲ್ಲಿ ತಯಾರಾದ ದೀಪವು ಆ ನಂತರ ಇವರು ನೀಡಿದ ಕಾಣಿಕೆ. ಸ್ವದೇಶದಲ್ಲಿಯೂ ಇವರು ಸ್ವಂತ ಹಣ ವಿನಿಯೋಗಿಸಿದರು. 1911ರಲ್ಲಿ ಟ್ಯಾಟರ್ಶಲ್ ಕೋಟೆಯನ್ನು ಖರೀದಿಸಿ, ಅಲ್ಲಿಂದ ಕಿತ್ತು ಮಾರಲಾಗಿದ್ದ ಕೆತ್ತನೆಯ ಅಗ್ಗಿಷ್ಟಿಕೆಗಳನ್ನು ಪತ್ತೆಹಚ್ಚಿ ಮರಳಿ ಸ್ಥಾಪಿಸಿದರು. ಮುಂದೆ ಬೋಡಿಯಂ ಕೋಟೆಯನ್ನೂ ಕೊಂಡು ದುರಸ್ತಿಗೊಳಿಸಿದರು. ಎರಡನ್ನೂ ಉಯಿಲಿನ ಮೂಲಕ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಕೊಟ್ಟು, 1925ರ ಮಾರ್ಚ್ 20ರಂದು ನಿಧನರಾದರು.

1904ರ ಅಧಿನಿಯಮವು ಬ್ರಿಟಿಷ್ ಆಡಳಿತದ ಪ್ರದೇಶಗಳಿಗೆ ಮಾತ್ರ ಸೀಮಿತವಾಗಿತ್ತು. ಆದುದರಿಂದ ಬಿಜಾಪುರ ಅದರ ವ್ಯಾಪ್ತಿಗೆ ಬಂದರೂ ಬೇಲೂರು, ಹಳೇಬೀಡುಗಳು ಬರಲಿಲ್ಲ. ಮೈಸೂರು ಸಂಸ್ಥಾನವು 1925ರಲ್ಲಿ ತನ್ನದೇ ಆದ ಸ್ಮಾರಕ ಸಂರಕ್ಷಣಾ ರೆಗ್ಯುಲೇಷನ್ನನ್ನು ಜಾರಿಗೊಳಿಸಿತು. ಸ್ವಾತಂತ್ರ್ಯಾನಂತರ ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ 1958ರ ಕೇಂದ್ರ ಅಧಿನಿಯಮವೂ, ಕರ್ನಾಟಕದ ಇತರ ಸ್ಮಾರಕಗಳಿಗೆ 1961ರ ರಾಜ್ಯ ಅಧಿನಿಯಮವೂ ಬಂದವು. ಮಾಲೀಕರೊಡನೆ ಕರಾರು ಹಾಗೂ ಸ್ವಯಂಪ್ರೇರಿತ ವಂತಿಗೆಯ ಅವಕಾಶಗಳನ್ನು 1958ರ ಅಧಿನಿಯಮದಲ್ಲಿಯೂ ಉಳಿಸಿಕೊಳ್ಳಲಾಗಿದೆ.